ಒಡೆದ ಸೋಲಾರ್ ಪ್ಯಾನೆಲ್ ಎಲ್ಲಿಗೆ ಹೋಗಬೇಕು?

ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಪ್ಪನ ತೋಟದ ಮನೆ ಮೇಲೆ ಆರು ಸೋಲಾರ್ ಪ್ಯಾನೆಲ್ ಇದ್ದವು. ಈಗ ಐದು. ಬೇಸಿಗೆಯ ಒಂದು ರಾತ್ರಿ ಮಳೆಗೆ ಮುಂಚೆ ಬೀಸಿದ ಗಾಳಿಗೆ ಪಕ್ಕದ ಮರದಿಂದ ತೆಂಗಿನಕಾಯಿ ಕಳಚಿ ನೇರವಾಗಿ ಒಂದು ಪ್ಯಾನೆಲ್ ಮೇಲೆ ಬಿತ್ತು. ಬೆಳಿಗ್ಗೆ ಏಣಿ ಹಾಕಿ ನೋಡಿದರೆ ಗಾಜು ಉದುರಿರಲಿಲ್ಲ. ಕಾಯಿ ಬಿದ್ದ ಜಾಗದಿಂದ ನಾಲ್ಕೂ ಅಂಚಿನ ತನಕ ಸಣ್ಣ ಸಣ್ಣ ಬಿರುಕು ಹರಡಿತ್ತು, ಇಬ್ಬನಿ ಕೂತ ಜೇಡರ ಬಲೆಯ ಹಾಗೆ.

ಹಾಕಿಕೊಟ್ಟವರಿಗೆ ಫೋನ್ ಮಾಡಿದೆವು. ಬಂದು ಬಿಚ್ಚಿ ಕೆಳಗಿಳಿಸಿದರು. "ಹೊಸದು ಬೇಕಾದ್ರೆ ತಂದು ಹಾಕ್ತೀವಿ ಸಾರ್, ಹಳೇದು ನೀವೇ ಇಟ್ಕೊಳ್ಳಿ" ಅಂದರು. ಕಸದ ಗಾಡಿಯವರು ಮುಟ್ಟಲಿಲ್ಲ. ಊರೂರು ಸುತ್ತುವ ಗುಜರಿಯವನು ನಿಂತು ನೋಡಿದ. "ಸುತ್ತ ಇರೋ ಫ್ರೇಮ್ ಕಿತ್ತುಕೊಡಿ, ಅದಕ್ಕೆ ದುಡ್ಡು ಕೊಡ್ತೀನಿ. ಗಾಜು ನಂಗೆ ಬೇಡ" ಅಂದ.

"ಹಾಕೋವಾಗ ಎಲ್ರೂ ಬಂದ್ರು. ತಗೊಂಡು ಹೋಗೋಕೆ ಯಾರೂ ಇಲ್ವಲ್ಲ ಮಗಾ. ಹೂಳೋಣ ಅಂದ್ರೆ ಪಕ್ಕದಲ್ಲೇ ಬೋರ್‌ವೆಲ್ ಇದೆ" ಅಂದರು ಚಿಕ್ಕಪ್ಪ.

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ, ಓದಿ, ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ನಮ್ಮ ಮನೆಯದಷ್ಟೇ ಅಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ದೇಶದಲ್ಲಿ ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಹಾಕಿಸುವುದು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ತುಮಕೂರಿನ ಬಡಾವಣೆಗಳಲ್ಲಿ, ತೋಟದ ಮನೆಗಳಲ್ಲಿ, ಕೋಳಿ ಫಾರಂಗಳಲ್ಲಿ ಪ್ಯಾನೆಲ್ ಏರುತ್ತಲೇ ಇದೆ. ಏರಿದ್ದೆಲ್ಲ ಒಂದು ದಿನ ಇಳಿಯಲೇಬೇಕು, ಅಲ್ವಾ?

## ಯಾವ ಸೋಲಾರ್ ಬಗ್ಗೆ ಮಾತು?

ನಮ್ಮ ಕಡೆ "ಸೋಲಾರ್ ಹಾಕಿಸಿದೀವಿ" ಅಂದರೆ ಮೊದಲು ನೆನಪಾಗುವುದು ಬಿಸಿನೀರು. ತಾರಸಿ ಮೇಲಿನ ಉದ್ದನೆಯ ಟ್ಯಾಂಕು, ಅದರ ಕೆಳಗೆ ಗಾಜಿನ ಕೊಳವೆಗಳು. ಅದು ಬಿಸಿಲಿನ ಕಾವನ್ನು ನೀರಿಗೆ ಕೊಡುತ್ತದೆ ಅಷ್ಟೆ, ಕರೆಂಟ್ ತಯಾರಿಸುವುದಿಲ್ಲ. ಅದು ಹಾಳಾದರೆ ಗಾಜು, ತಗಡು, ಕಬ್ಬಿಣ ಬೇರೆ ಬೇರೆಯಾಗಿ ಸಿಗುತ್ತವೆ. ಗುಜರಿಯವರಿಗೂ ಅದು ಕಷ್ಟವಲ್ಲ.

ಇಲ್ಲಿ ಮಾತಾಡುತ್ತಿರುವುದು ಬಿಸಿಲಿನಿಂದ ಕರೆಂಟ್ ತಯಾರಿಸುವ ಕಡುನೀಲಿ ಅಥವಾ ಕಪ್ಪು ಬಣ್ಣದ ಹಲಗೆಗಳ ಬಗ್ಗೆ. ಮನೆ ಮೇಲಿನ ಪ್ಯಾನೆಲ್, ಪಂಪ್‌ಸೆಟ್‌ನ ಪ್ಯಾನೆಲ್, ಬೀದಿದೀಪದ ಪುಟ್ಟ ಪ್ಯಾನೆಲ್, ಪಾವಗಡದ ಸಾಲು ಸಾಲು ಪ್ಯಾನೆಲ್ ಎಲ್ಲವೂ ಒಂದೇ ಜಾತಿ.

## ಕಡಲೆ ಮಿಠಾಯಿಯ ಹಾಗೆ

ಚಿಕ್ಕಪ್ಪನ ಮನೆಯ ಒಡೆದ ಪ್ಯಾನೆಲ್ ಅನ್ನು ಕೊಟ್ಟಿಗೆ ಗೋಡೆಗೆ ಒರಗಿಸಿ ಹತ್ತಿರದಿಂದ ನೋಡಿದೆ. ಸುತ್ತ ಅಲ್ಯೂಮಿನಿಯಂ ಚೌಕಟ್ಟು. ಮುಂದೆ ದಪ್ಪ ಗಾಜು. ಗಾಜಿನ ಅಡಿಯಲ್ಲಿ ಕಪ್ಪು ಬಿಲ್ಲೆಗಳು ಸಾಲಾಗಿ ಕೂತಿವೆ. ಇವನ್ನೇ ಸೆಲ್ ಅನ್ನುವುದು, ಸಿಲಿಕಾನ್‌ನಿಂದ ಮಾಡಿದ್ದು. ಕಾಗದದಷ್ಟು ತೆಳ್ಳಗಿರುತ್ತವೆ, ಹಪ್ಪಳದ ಹಾಗೆ ಮುರಿಯುತ್ತವೆ. ಒಂದೊಂದು ಬಿಲ್ಲೆಯ ಮೇಲೂ ಕೂದಲಿನಂಥ ಬೂದು ಗೆರೆಗಳು. ಅವು ಬೆಳ್ಳಿ. ಹೌದು, ಸಾಕ್ಷಾತ್ ಬೆಳ್ಳಿಯೇ. ಬಿಸಿಲು ಬಿದ್ದಾಗ ಸಿಲಿಕಾನ್‌ನಲ್ಲಿ ಹುಟ್ಟುವ ಕರೆಂಟನ್ನು ಒಟ್ಟುಮಾಡಿ ಹೊರಗೆ ತರುವುದು ಈ ಗೆರೆಗಳ ಕೆಲಸ. ಬಿಲ್ಲೆಯಿಂದ ಬಿಲ್ಲೆಗೆ ತಾಮ್ರದ ಪಟ್ಟಿ, ಅದನ್ನು ಅಂಟಿಸಲು ಸೀಸ ಮತ್ತು ತವರ ಬೆರೆತ ಬೆಸುಗೆ. ಹಿಂಭಾಗದಲ್ಲಿ ಬಿಳಿ ಪ್ಲಾಸ್ಟಿಕ್ ಹಾಳೆ, ಒಂದು ಪುಟ್ಟ ಡಬ್ಬಿ, ಎರಡು ವೈರು.

ತೂಕ ಹಾಕಿದರೆ ನೂರಕ್ಕೆ ಸುಮಾರು 70 ಭಾಗ ಬರೀ ಗಾಜು. ಹತ್ತು ಭಾಗದ ಹತ್ತಿರ ಅಲ್ಯೂಮಿನಿಯಂ, ಇನ್ನೊಂದು ಹತ್ತು ಪ್ಲಾಸ್ಟಿಕ್. ಸಿಲಿಕಾನ್ ಮೂರರಿಂದ ಐದು. ತಾಮ್ರ ಒಂದು ಭಾಗದ ಆಸುಪಾಸು. ಬೆಳ್ಳಿ ಸಾವಿರಕ್ಕೆ ಒಂದು ಭಾಗವೂ ಇಲ್ಲ, ಇಡೀ ಪ್ಯಾನೆಲ್‌ಗೆ ಕೆಲವೇ ಗ್ರಾಂ.

ಇಷ್ಟೆಲ್ಲ ಬೆಲೆಬಾಳುವ ವಸ್ತು ಇದ್ದೂ ಗುಜರಿಯವನು ಯಾಕೆ ಬೇಡ ಅಂದ? ಉತ್ತರ ಅಂಟಿನಲ್ಲಿದೆ.

ಪಾವಗಡದ ಕಡೆಯ ಕಡಲೆಕಾಯಿಯಿಂದ ಮಾಡಿದ ಕಡಲೆ ಮಿಠಾಯಿ ನೆನಪಿಸಿಕೊಳ್ಳಿ. ಬೀಜ ಬೇರೆ, ಬೆಲ್ಲ ಬೇರೆ. ಆದರೆ ಪಾಕ ಗಟ್ಟಿಯಾದ ಮೇಲೆ ಒಂದು ಬೀಜವನ್ನೂ ಮುರಿಯದೆ ಬಿಡಿಸಿ ಕೊಡಿ ಅಂದರೆ ಆಗುತ್ತದೆಯೇ? ಪ್ಯಾನೆಲ್‌ನಲ್ಲೂ ಗಾಜು, ಸೆಲ್, ಹಿಂಬದಿಯ ಹಾಳೆ ಇವುಗಳ ನಡುವೆ ಪ್ಲಾಸ್ಟಿಕ್‌ನಂಥ ಪಾರದರ್ಶಕ ಅಂಟಿನ ಪದರ ಇಟ್ಟು, ಬಿಸಿ ಮಾಡಿ, ಗಾಳಿ ಎಳೆದು, ಒತ್ತಿ ಒಂದೇ ಹಲಗೆ ಮಾಡಿರುತ್ತಾರೆ. ತೆಂಗಿನಕಾಯಿ ಬಿದ್ದರೂ ಗಾಜು ಉದುರದೆ ನಿಂತಿದ್ದು ಈ ಅಂಟಿನಿಂದಲೇ. ಬೆಲ್ಲದ ಪಾಕವನ್ನಾದರೂ ಮತ್ತೆ ಕಾಯಿಸಿದರೆ ಕರಗುತ್ತದೆ. ಈ ಅಂಟು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಇಪ್ಪತ್ತೈದು ವರ್ಷ ಬಿಸಿಲು ಮಳೆಗೆ ಒಂದು ಹನಿ ನೀರೂ ಒಳಗೆ ಹೋಗಬಾರದು ಅಂತಲೇ ಹಾಗೆ ಮಾಡಿರುವುದು. ಬಾಳಿಕೆ ಕೊಡುವ ಗುಣವೇ ಬಿಡಿಸುವಾಗ ಅಡ್ಡಿಯಾಗುತ್ತದೆ.

## ಇಪ್ಪತ್ತೈದು ವರ್ಷ ಬಾಳಬೇಕಿದ್ದದ್ದು

ಪ್ಯಾನೆಲ್ ಆಯಸ್ಸು 25ರಿಂದ 30 ವರ್ಷ ಅಂತ ಹೇಳುತ್ತಾರೆ. ಅಷ್ಟು ವರ್ಷ ಆದ ತಕ್ಷಣ ಬಲ್ಬ್ ಥರ ಫಟ್ ಅಂತ ಕೆಟ್ಟುಹೋಗುವುದಿಲ್ಲ. ಪ್ರತಿ ವರ್ಷ ನೂರಕ್ಕೆ ಅರ್ಧ ಭಾಗದಿಂದ ಮುಕ್ಕಾಲು ಭಾಗದಷ್ಟು ಶಕ್ತಿ ಕುಂದುತ್ತಾ ಬರುತ್ತದೆ. 25ನೇ ವರ್ಷದಲ್ಲೂ ಹೊಸದರ ನೂರಕ್ಕೆ 80 ಭಾಗ ಕರೆಂಟ್ ಕೊಡಬೇಕು ಎಂದು ಕಂಪನಿಗಳು ಸಾಮಾನ್ಯವಾಗಿ ವಾರಂಟಿ ಬರೆದುಕೊಡುತ್ತವೆ.

ಆದರೆ ಎಲ್ಲವೂ ಅಷ್ಟು ದಿನ ನಿಲ್ಲುವುದಿಲ್ಲ. ಲಾರಿಯಲ್ಲಿ ಬರುವಾಗ ಒಡೆಯುತ್ತವೆ. ಏರಿಸುವಾಗ ಒಡೆಯುತ್ತವೆ. ಆಲಿಕಲ್ಲು ಬೀಳುತ್ತದೆ, ಸಿಡಿಲು ಹೊಡೆಯುತ್ತದೆ, ಪ್ಯಾನೆಲ್ ಅಡಿ ಬೆಳೆದ ಹುಲ್ಲನ್ನು ಮಿಷನ್‌ನಲ್ಲಿ ಕತ್ತರಿಸುವಾಗ ಹರಳುಕಲ್ಲು ಸಿಡಿಯುತ್ತದೆ. ಕೆಲವು ಸಲ ಒಳಗೆ ತೇವ ನುಗ್ಗಿ ಬೆಸುಗೆ ಹಾಳಾಗುತ್ತದೆ. ಇನ್ನು ಕೆಲವು ಸಲ ಪ್ಯಾನೆಲ್ ಚೆನ್ನಾಗಿಯೇ ಇರುತ್ತದೆ, ಆದರೆ ಅದೇ ಜಾಗದಲ್ಲಿ ಜಾಸ್ತಿ ಕರೆಂಟ್ ಕೊಡುವ ಹೊಸ ಮಾದರಿ ಹಾಕಿದರೆ ಲಾಭ ಎಂದು ಮಾಲೀಕರು ಬದಲಾಯಿಸುತ್ತಾರೆ. ಹಾಗಾಗಿ ಸೋಲಾರ್ ತ್ಯಾಜ್ಯ ಎನ್ನುವುದು 25 ವರ್ಷದ ನಂತರದ ತಲೆನೋವಲ್ಲ, ಈಗಾಗಲೇ ಶುರುವಾಗಿದೆ.

ದೆಹಲಿಯ ಸಿಇಇಡಬ್ಲ್ಯು ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಇದರ ಅಂದಾಜು ಪ್ರಕಟಿಸಿತು. 2023ರ ಮಾರ್ಚ್ ತನಕ ದೇಶದಲ್ಲಿ ಸುಮಾರು ಒಂದು ಲಕ್ಷ ಟನ್ ಸೋಲಾರ್ ತ್ಯಾಜ್ಯ ಆಗಿದೆ, 2030ರ ಹೊತ್ತಿಗೆ ಅದು 3.4 ಲಕ್ಷ ಟನ್ ಮುಟ್ಟಬಹುದು ಎನ್ನುತ್ತದೆ ಆ ವರದಿ. ಇದರಲ್ಲಿ ಮೂರನೇ ಎರಡು ಪಾಲು ಬರೀ ಐದು ರಾಜ್ಯಗಳಿಂದ. ಆ ಐದರಲ್ಲಿ ಕರ್ನಾಟಕವೂ ಒಂದು.

## ಪಾವಗಡದ ಲೆಕ್ಕ

ಕರ್ನಾಟಕ ಯಾಕೆ ಆ ಪಟ್ಟಿಯಲ್ಲಿದೆ ಎಂದು ತುಮಕೂರಿನವರಿಗೆ ಹೇಳಬೇಕಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಶಕ್ತಿಸ್ಥಳ ಎಂದು ಹೆಸರಿಟ್ಟು 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಮಾಡಿದರು. ಒಟ್ಟು ಸಾಮರ್ಥ್ಯ 2,050 ಮೆಗಾವ್ಯಾಟ್.

ಇಲ್ಲಿ ಎಷ್ಟು ಪ್ಯಾನೆಲ್ ಇರಬಹುದು? ಒಂದು ಅಂದಾಜು ಲೆಕ್ಕ ಹಾಕೋಣ. ಪಾರ್ಕ್ ಕಟ್ಟಿದ ಕಾಲದಲ್ಲಿ ಚಾಲ್ತಿಯಲ್ಲಿದ್ದ ಸಾಮಾನ್ಯ ಪ್ಯಾನೆಲ್ 330 ವ್ಯಾಟ್ ಆಸುಪಾಸಿನದು, ತೂಕ ಸುಮಾರು 22 ಕೆಜಿ. ಒಂದು ಮೆಗಾವ್ಯಾಟ್ ಅಂದರೆ ಹತ್ತು ಲಕ್ಷ ವ್ಯಾಟ್. ಅಲ್ಲಿಗೆ ಒಂದು ಮೆಗಾವ್ಯಾಟ್‌ಗೆ 3,000 ಪ್ಯಾನೆಲ್ ಆಯಿತು. 2,050 ಮೆಗಾವ್ಯಾಟ್‌ಗೆ 60 ಲಕ್ಷ ದಾಟುತ್ತದೆ. ತೂಕ ಹತ್ತಿರ ಹತ್ತಿರ 1.35 ಲಕ್ಷ ಟನ್. ಹತ್ತು ಟನ್ ಹೊರುವ ಲಾರಿಯಲ್ಲಿ ಸಾಗಿಸಿದರೆ 13,500 ಲೋಡ್!

ದೇಶದಲ್ಲೆಲ್ಲ 2023ರ ತನಕ ಆದ ಸೋಲಾರ್ ತ್ಯಾಜ್ಯ ಒಂದು ಲಕ್ಷ ಟನ್ ಅಂದೆನಲ್ಲ, ಅದಕ್ಕಿಂತ ಜಾಸ್ತಿ ಈ ಒಂದು ತಾಲ್ಲೂಕಿನಲ್ಲೇ ಬಿಸಿಲು ಕಾಯುತ್ತಾ ನಿಂತಿದೆ.

ಪಾವಗಡದಲ್ಲಿ ಇನ್ನೊಂದು ವಿಶೇಷ ಇದೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಏರುವ ಗುತ್ತಿಗೆ ಅದು. ಅವಧಿ 28 ವರ್ಷ. ಅಂದರೆ 2040ರ ದಶಕದ ನಡುವೆ ಜಮೀನು ರೈತರ ಮಕ್ಕಳಿಗೋ ಮೊಮ್ಮಕ್ಕಳಿಗೋ ವಾಪಸ್ ಬರಬೇಕು. ಬರುವಾಗ ಖಾಲಿ ನೆಲವಾಗಿ ಬರುತ್ತದೆಯೇ ಎನ್ನುವುದು ಸೋಲಾರ್ ತ್ಯಾಜ್ಯದ ಕಾನೂನು ಎಷ್ಟು ಗಟ್ಟಿಯಾಗಿದೆ ಎನ್ನುವುದರ ಮೇಲೆ ನಿಂತಿದೆ.

ಪಾವಗಡಕ್ಕೂ ಮೊದಲೇ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 3 ಮೆಗಾವ್ಯಾಟ್‌ನ ಸೋಲಾರ್ ಘಟಕ ಬಂದಿತ್ತು. ದೇಶದಲ್ಲಿ ಮೆಗಾವ್ಯಾಟ್ ಲೆಕ್ಕದಲ್ಲಿ ಕಟ್ಟಿದ ಮೊದಮೊದಲ ಘಟಕಗಳಲ್ಲಿ ಅದೂ ಒಂದು. ಆ ಕಾಲದ ಪ್ಯಾನೆಲ್‌ಗಳು ಈಗ ಅರ್ಧ ಆಯಸ್ಸು ಕಳೆದಿರುತ್ತವೆ.

## ವಿಷ ಇದೆಯಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೆದರಿಸದೆ, ಮುಚ್ಚಿಡದೆ ಹೇಳುತ್ತೇನೆ.

ಚೆನ್ನಾಗಿರುವ ಪ್ಯಾನೆಲ್ ಮನೆ ಮೇಲೆ ಇದ್ದರೆ ಯಾವ ತೊಂದರೆಯೂ ಇಲ್ಲ. ಒಳಗಿನ ಸೀಸ ಗಾಜು ಮತ್ತು ಅಂಟಿನ ನಡುವೆ ಭದ್ರವಾಗಿರುತ್ತದೆ. ಮೇಲಿಂದ ಹರಿದ ಮಳೆನೀರಿಗೆ ಏನೂ ಸೇರುವುದಿಲ್ಲ. ಒಂದು ಪ್ಯಾನೆಲ್‌ನಲ್ಲಿರುವ ಸೀಸವೂ ಕೆಲವು ಗ್ರಾಂ ಮಾತ್ರ.

ಅದನ್ನು ಪುಡಿ ಮಾಡಿ ಗುಂಡಿಯಲ್ಲೋ ಕೆರೆ ಅಂಗಳದಲ್ಲೋ ಸುರಿದರೆ ಕಥೆ ಬೇರೆ. ಆಗ ಮಳೆನೀರು ನೇರವಾಗಿ ಬೆಸುಗೆಗೆ ತಾಗುತ್ತದೆ, ಸೀಸ ನಿಧಾನವಾಗಿ ಮಣ್ಣಿಗೆ ಇಳಿಯಬಹುದು. ಒಂದು ಪ್ಯಾನೆಲ್‌ನಿಂದ ಆಗದ್ದು ಸಾವಿರ ಪ್ಯಾನೆಲ್‌ನಿಂದ ಆಗುತ್ತದೆ. ಸಿಲಿಕಾನ್ ಬದಲು ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ತೆಳು ಲೇಪನ ಬಳಸುವ ಇನ್ನೊಂದು ಬಗೆಯ ಪ್ಯಾನೆಲ್ ಇದೆ. ನಮ್ಮಲ್ಲಿ ಅದರ ಬಳಕೆ ಕಡಿಮೆ. ಆದರೆ ಕ್ಯಾಡ್ಮಿಯಂ ವಿಷಕಾರಿ ಲೋಹವಾದ್ದರಿಂದ ಅದಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಸುಡುವುದು. ತಾಮ್ರ ತೆಗೆಯಲು ವೈರ್ ಸುಡುವುದನ್ನು ನಾವೆಲ್ಲ ನೋಡಿದ್ದೇವೆ. ಅನೇಕ ಪ್ಯಾನೆಲ್‌ಗಳ ಹಿಂಬದಿಯ ಬಿಳಿ ಹಾಳೆಯಲ್ಲಿ ಫ್ಲೋರಿನ್ ಇರುತ್ತದೆ. ಬಯಲಲ್ಲಿ ಸುಟ್ಟರೆ ಉಸಿರಾಟಕ್ಕೆ ತೀರಾ ಅಪಾಯದ ಅನಿಲ ಬರುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ.

ಪಾವಗಡದ ಜನ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಎಷ್ಟೋ ವರ್ಷ ನರಳಿದವರು. ಕಣ್ಣಿಗೆ ಕಾಣದ ವಸ್ತು ನೀರಿಗೆ ಸೇರಿದರೆ ಏನಾಗುತ್ತದೆ ಅಂತ ಅವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆ ಫ್ಲೋರೈಡ್ ನೆಲದೊಳಗಿನ ಕಲ್ಲಿನಿಂದ ಬಂದದ್ದು, ಸೋಲಾರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅಂಥ ನೆಲದಲ್ಲಿ ಇನ್ನೊಂದು ಹೊರೆ ಸೇರದಂತೆ ನೋಡಿಕೊಳ್ಳಬೇಕು.

ಗುಜರಿ ದಾರಿಯಲ್ಲಿ ಏನಾಗುತ್ತದೆ ಎಂದರೆ, ಅಲ್ಯೂಮಿನಿಯಂ ಚೌಕಟ್ಟು ಕೀಳುತ್ತಾರೆ, ಹಿಂದಿನ ಡಬ್ಬಿ ಮತ್ತು ವೈರು ಕತ್ತರಿಸುತ್ತಾರೆ. ಮಿಕ್ಕಿದ್ದು, ಅಂದರೆ ತೂಕದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ, ಎಲ್ಲೋ ಒಂದು ಕಡೆ ಬೀಳುತ್ತದೆ. ಬೆಳ್ಳಿ, ಸಿಲಿಕಾನ್ ಮಣ್ಣುಪಾಲು. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬಗಳು ಊರಲ್ಲೇ ಉಳಿದವು, ಗಾಳಿ ಬೀಸಿದರೆ ಅದರ ದೂಳು ಮನೆಯೊಳಗೆ ಬರುತ್ತದೆ ಎಂದು ಅಲ್ಲಿನ ಜನ ಇಂದಿಗೂ ಗೋಳಾಡುತ್ತಾರೆ. ಬೆಲೆ ಇರುವುದನ್ನು ತೆಗೆದುಕೊಂಡವರು ಒಬ್ಬರು, ಉಳಿದದ್ದರ ಜೊತೆ ಬಾಳುವವರು ಇನ್ನೊಬ್ಬರು. ಅದನ್ನು ತಪ್ಪಿಸುವುದಕ್ಕೇ ತ್ಯಾಜ್ಯದ ಕಾನೂನು ಇರುವುದು.

## ಕಾನೂನು ಏನು ಹೇಳುತ್ತದೆ?

ಹಳೆ ಟಿವಿ, ಫ್ರಿಜ್, ಮೊಬೈಲ್, ಕಂಪ್ಯೂಟರ್ ಇವನ್ನು ಇ-ತ್ಯಾಜ್ಯ ಅನ್ನುತ್ತಾರೆ. 2016ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್ ಹೆಸರೇ ಇರಲಿಲ್ಲ. ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಹೊಸ ನಿಯಮ ಹೊರಡಿಸಿತು. 21 ಇದ್ದ ವಸ್ತುಗಳ ಪಟ್ಟಿ 106ಕ್ಕೆ ಏರಿತು, ಅದರಲ್ಲಿ ಸೋಲಾರ್ ಪ್ಯಾನೆಲ್ ಕೂಡ ಸೇರಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ.

ಈ ನಿಯಮದ ಬೆನ್ನೆಲುಬು ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ. ಹೆಸರು ಭಾರ, ಅರ್ಥ ಸುಲಭ. ಮೊದಲು ಸೋಡಾ ಅಂಗಡಿಯಲ್ಲಿ ಗಾಜಿನ ಬಾಟಲಿ ವಾಪಸ್ ಕೊಡಬೇಕಿತ್ತಲ್ಲ, ತುಂಬಿಸಿ ಕಳಿಸಿದವನೇ ಖಾಲಿ ಬಾಟಲಿಯನ್ನೂ ವಾಪಸ್ ಒಯ್ಯುತ್ತಿದ್ದ. ಹಾಗೆ, ವಸ್ತು ತಯಾರಿಸಿ ಮಾರಿದವನಿಗೆ ಅದು ಕಸವಾದ ಮೇಲೂ ಜವಾಬ್ದಾರಿ ಇದೆ. ಹೊರದೇಶದಿಂದ ತರಿಸಿ ಮಾರುವವರೂ ಇದರಲ್ಲಿ ಸೇರುತ್ತಾರೆ.

ಫ್ರಿಜ್, ಟಿವಿಗಳ ವಿಷಯದಲ್ಲಿ ನಿಯಮ ಗಟ್ಟಿಯಾಗಿದೆ. ಆಯಸ್ಸು ಮುಗಿದ ವಸ್ತುವಿನಲ್ಲಿ ನೂರಕ್ಕೆ ಇಂತಿಷ್ಟು ಪಾಲು ಮರುಬಳಕೆ ಆಗಲೇಬೇಕು ಎಂದು ವರ್ಷಾವರಿ ಗುರಿ ಇದೆ. ಮೊದಲೆರಡು ವರ್ಷ ನೂರಕ್ಕೆ 60, ಆಮೇಲೆ 70, ನಂತರ 80.

ಸೋಲಾರ್‌ಗೆ ಅಂಥ ಗುರಿ ಇಟ್ಟಿಲ್ಲ. ಅದಕ್ಕೆ ಪ್ರತ್ಯೇಕ ಅಧ್ಯಾಯ ಇದೆ. ಅದರ ಪ್ರಕಾರ ಪ್ಯಾನೆಲ್ ತಯಾರಕರು ಮತ್ತು ಮಾರಾಟಗಾರ ಕಂಪನಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಪ್ಯಾನೆಲ್‌ಗಳ ದಾಸ್ತಾನು ಲೆಕ್ಕ ಇಡಬೇಕು, ಪ್ರತಿ ವರ್ಷ ವರದಿ ಕೊಡಬೇಕು. ಮುಖ್ಯವಾದದ್ದು ಮುಂದಿನದು: 2034-35ರ ತನಕ ಬರುವ ಸೋಲಾರ್ ತ್ಯಾಜ್ಯವನ್ನು ಮಂಡಳಿ ಹೇಳಿದ ರೀತಿಯಲ್ಲಿ ಸಂಗ್ರಹಿಸಿ ಇಡಬೇಕು. ಮರುಬಳಕೆ ಮಾಡುವವರು ಎಷ್ಟು ವಸ್ತು ಹೊರತೆಗೆಯಬೇಕು ಎನ್ನುವುದನ್ನೂ ಮಂಡಳಿಯೇ ನಿಗದಿ ಮಾಡುತ್ತದೆ.

"ಇಡಿ" ಎಂದು ಯಾಕೆ ಹೇಳಿದರು? ಮರುಬಳಕೆ ಯಂತ್ರಗಳಿಗೆ ದೊಡ್ಡ ಬಂಡವಾಳ ಬೇಕು. ಯಂತ್ರ ಓಡಬೇಕಾದರೆ ದಿನಾ ಸಾಕಷ್ಟು ಪ್ಯಾನೆಲ್ ಬರುತ್ತಿರಬೇಕು. ಈಗ ದೇಶದ ಮೂಲೆಮೂಲೆಯಲ್ಲಿ ನಾಲ್ಕು ಇಲ್ಲಿ, ಹತ್ತು ಅಲ್ಲಿ ಅಂತ ಚದುರಿದೆ. ರಾಶಿ ಆಗುವ ತನಕ ಜೋಪಾನವಾಗಿ ಇಡಲಿ ಎನ್ನುವುದರಲ್ಲಿ ಒಂದು ಅರ್ಥ ಇದೆ. ಆದರೆ ಪ್ಯಾನೆಲ್ ಇರುವುದು ಚಿಕ್ಕಪ್ಪನ ಕೊಟ್ಟಿಗೆಯಲ್ಲಿ, ಇಡಬೇಕಾದವರು ಕಂಪನಿಯವರು. ಇವೆರಡರ ನಡುವಿನ ದಾರಿ, ಅಂದರೆ ಹಳ್ಳಿಯಿಂದ ಗೋದಾಮಿಗೆ ತರುವುದು ಯಾರ ಖರ್ಚು ಎನ್ನುವುದು ಮನೆಯವರ ಮಟ್ಟದಲ್ಲಿ ಸ್ಪಷ್ಟವಾಗಿಲ್ಲ. ನನ್ನ ಮಟ್ಟಿಗೆ ಈ ನಿಯಮದ ದೊಡ್ಡ ಕೊರತೆ ಇದೇ. ಕಂಪನಿಯೇ ಮುಚ್ಚಿಹೋದರೆ ಏನು ಎನ್ನುವುದು ಅದರ ಬೆನ್ನಿಗೇ ಬರುವ ಪ್ರಶ್ನೆ.

ದೊಡ್ಡ ಘಟಕಗಳಿಗೆ ಬೇರೆ ಹಗ್ಗ ಇದೆ. ವರ್ಷದಲ್ಲಿ ಯಾವಾಗಲಾದರೂ ಪಟ್ಟಿಯಲ್ಲಿರುವ ವಸ್ತುಗಳನ್ನು ಕನಿಷ್ಠ ಒಂದು ಸಾವಿರ ಬಳಸುವ ಸಂಸ್ಥೆಯನ್ನು ನಿಯಮ ಸಗಟು ಬಳಕೆದಾರ ಎಂದು ಕರೆಯುತ್ತದೆ. ಅವರು ಇ-ತ್ಯಾಜ್ಯವನ್ನು ನೋಂದಾಯಿತ ಕಂಪನಿ, ರಿಪೇರಿ ಮಾಡುವವರು ಅಥವಾ ಮರುಬಳಕೆದಾರರಿಗೆ ಮಾತ್ರ ಕೊಡಬೇಕು. ಸೋಲಾರ್ ಜೊತೆ ಬರುವ ಬ್ಯಾಟರಿಗೆ 2022ರದ್ದೇ ಪ್ರತ್ಯೇಕ ನಿಯಮ ಇದೆ. ಬ್ಯಾಟರಿಯನ್ನು ಪ್ಯಾನೆಲ್ ಜೊತೆ ಸೇರಿಸಿ ಕೊಡಬಾರದು.

## ಬೇರೆ ದೇಶದಲ್ಲಿ ಹೇಗೆ?

ಯುರೋಪಿನ ದೇಶಗಳು 2012ರಲ್ಲೇ ಪ್ಯಾನೆಲ್‌ಗಳನ್ನು ಇ-ತ್ಯಾಜ್ಯ ಕಾನೂನಿಗೆ ತಂದವು. ತೂಕದಲ್ಲಿ ನೂರಕ್ಕೆ 85 ಭಾಗ ವಾಪಸ್ ತೆಗೆಯಬೇಕು, 80 ಭಾಗ ಮತ್ತೆ ಬಳಕೆಗೆ ಬರಬೇಕು ಎನ್ನುವುದು ಅಲ್ಲಿನ ಲೆಕ್ಕ. ತೂಕದ ಗುರಿಗೆ ಒಂದು ತೊಡಕಿದೆ. ಗಾಜು ಮತ್ತು ಅಲ್ಯೂಮಿನಿಯಂ ತೆಗೆದರೇ ನೂರಕ್ಕೆ 80 ಮುಟ್ಟಿಬಿಡುತ್ತದೆ, ಬೆಳ್ಳಿ ಕಸದಲ್ಲೇ ಉಳಿದರೂ ಲೆಕ್ಕ ಸರಿಹೋಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2019ರಿಂದ ಪ್ಯಾನೆಲ್ ಹೂಳುವುದನ್ನೇ ನಿಷೇಧಿಸಿದೆ.

ನನಗೆ ಹೆಚ್ಚು ಹಿಡಿಸಿದ್ದು ಜಪಾನ್ ದಾರಿ. ಸರ್ಕಾರ ನಿಗದಿ ಮಾಡಿದ ದರಕ್ಕೆ ಕರೆಂಟ್ ಮಾರುವ, 10 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಗಳು ಬಂದ ಹಣದಲ್ಲೇ ಒಂದು ಪಾಲನ್ನು, ಪ್ಯಾನೆಲ್ ಬಿಚ್ಚಿ ಸಾಗಿಸುವ ಖರ್ಚಿಗೆಂದು ಬೇರೆ ಕಡೆ ಎತ್ತಿಡಬೇಕು. 2022ರ ಜುಲೈನಿಂದ ಇದು ಕಡ್ಡಾಯ. ಮಗಳ ಮದುವೆಗೆ ಅಂತ ಮೊದಲಿಂದಲೇ ಚೀಟಿ ಕಟ್ಟಿದ ಹಾಗೆ. ಕಂಪನಿ ಇರಲಿ ಬಿಡಲಿ, ದುಡ್ಡು ಇರುತ್ತದೆ.

## ಬಿಡಿಸುವುದು ಹೇಗೆ, ಗಿಟ್ಟುತ್ತದಾ?

ಮೊದಲು ಚೌಕಟ್ಟು ಮತ್ತು ಡಬ್ಬಿ ತೆಗೆಯುತ್ತಾರೆ. ಇಲ್ಲಿಯ ತನಕ ಗುಜರಿಯವನ ಕೆಲಸಕ್ಕೂ ಕಾರ್ಖಾನೆಯ ಕೆಲಸಕ್ಕೂ ವ್ಯತ್ಯಾಸ ಇಲ್ಲ. ಆಮೇಲೆ ದಾರಿ ಕವಲಾಗುತ್ತದೆ. ಒಂದು, ಇಡೀ ಹಲಗೆಯನ್ನು ಪುಡಿ ಮಾಡಿ ಜರಡಿ ಹಿಡಿಯುವುದು. ಅಗ್ಗ, ಆದರೆ ಗಾಜಿನ ಪುಡಿಗೆ ಪ್ಲಾಸ್ಟಿಕ್, ಲೋಹ ಬೆರೆತು ಬೆಲೆ ಇಳಿಯುತ್ತದೆ. ಎರಡು, ಮುಚ್ಚಿದ ಕುಲುಮೆಯಲ್ಲಿ 500 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ಅಂಟನ್ನು ಸುಟ್ಟು, ಹೊಗೆಯನ್ನು ಶುದ್ಧ ಮಾಡಿ ಬಿಡುವುದು. ಜಪಾನಿನಲ್ಲಿ ಕಾದ ಚಾಕುವಿನಿಂದ ಗಾಜನ್ನು ಇಡಿಯಾಗಿ ಸೀಳಿ ಬೇರೆ ಮಾಡುವ ಯಂತ್ರ ಕಂಡುಹಿಡಿದಿದ್ದಾರೆ, ದೋಸೆ ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ. ಸೆಲ್ ಬಿಡಿಯಾದ ಮೇಲೆ ಆಮ್ಲದಲ್ಲಿ ಅದ್ದಿ ಬೆಳ್ಳಿ ಕರಗಿಸಿ, ಸಿಲಿಕಾನ್ ಬೇರೆ ಮಾಡುತ್ತಾರೆ.

ಸದ್ಯಕ್ಕೆ ಬರುವ ಆದಾಯಕ್ಕಿಂತ ಖರ್ಚೇ ಜಾಸ್ತಿ. ಅಮೆರಿಕದಲ್ಲಿ ಒಂದು ಪ್ಯಾನೆಲ್ ಮರುಬಳಕೆಗೆ 20ರಿಂದ 30 ಡಾಲರ್ ಬೀಳುತ್ತದೆ, ಹೂಳಲು ಒಂದೆರಡು ಡಾಲರ್ ಸಾಕು ಎನ್ನುವ ಲೆಕ್ಕ ಪದೇ ಪದೇ ಬರುತ್ತದೆ. ಕಾನೂನಿನ ಒತ್ತಾಯ ಇಲ್ಲದಿದ್ದರೆ ಯಾರು ಯಾವ ದಾರಿ ಹಿಡಿಯುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ತಕ್ಕಡಿ ಇನ್ನೊಂದು ಕಡೆ ವಾಲುವ ಸೂಚನೆಯೂ ಇದೆ. ಬೆಳ್ಳಿ ತೂಕದಲ್ಲಿ ಅತ್ಯಲ್ಪ, ಆದರೂ ಪ್ಯಾನೆಲ್‌ನಿಂದ ಸಿಗುವ ಬೆಲೆಯಲ್ಲಿ ಅದರದ್ದೇ ದೊಡ್ಡ ಪಾಲು. ಕೇಂದ್ರ ಸರ್ಕಾರ 2023ರಲ್ಲಿ ದೇಶಕ್ಕೆ ಅತಿ ಅಗತ್ಯ ಎಂದು ಗುರುತಿಸಿದ 30 ಖನಿಜಗಳ ಪಟ್ಟಿಯಲ್ಲಿ ಸಿಲಿಕಾನ್, ತಾಮ್ರ, ತವರ ಮೂರೂ ಇವೆ. ಅಂಥ ಖನಿಜಗಳನ್ನು ತ್ಯಾಜ್ಯದಿಂದ ತೆಗೆಯುವವರಿಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆಯೂ ಸಿಕ್ಕಿದೆ.

## ನಿಮ್ಮ ಮನೆಯಲ್ಲಿ ಪ್ಯಾನೆಲ್ ಒಡೆದರೆ

ಮೊದಲನೆಯ ಮಾತು: ಮುಟ್ಟಬೇಡಿ. ಒಡೆದ ಪ್ಯಾನೆಲ್ ಕೂಡ ಬಿಸಿಲು ಬಿದ್ದರೆ ಕರೆಂಟ್ ಕೊಡುತ್ತದೆ. ಈಗಿನ ಒಂದು ಪ್ಯಾನೆಲ್ 50 ವೋಲ್ಟ್ ಹತ್ತಿರ ಬರುತ್ತದೆ. ಆರು ಸಾಲಾಗಿ ಜೋಡಿಸಿದ್ದರೆ 300 ವೋಲ್ಟ್ ಆಯಿತು. ಬೆಸ್ಕಾಂ ಲೈನ್ ಹೋಗಿದ್ದರೂ, ಇನ್‌ವರ್ಟರ್ ಆಫ್ ಮಾಡಿದ್ದರೂ ಪ್ಯಾನೆಲ್ ಕಡೆಯ ವೈರ್‌ನಲ್ಲಿ ಅದು ಇದ್ದೇ ಇರುತ್ತದೆ. ಮಳೆಯಲ್ಲಿ ಅಂತೂ ತಾರಸಿ ಹತ್ತಲೇಬೇಡಿ. ಕೆಲಸ ಗೊತ್ತಿರುವವರನ್ನು ಕರೆಸಿ ಬಿಚ್ಚಿಸಿ.

ಇಳಿಸಿದ ಮೇಲೆ ಹಿಂಬದಿಯ ಲೇಬಲ್ ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿ ಹೆಸರು, ಮಾದರಿ, ಕ್ರಮಸಂಖ್ಯೆ, ವ್ಯಾಟ್ ಎಲ್ಲ ಅಲ್ಲಿರುತ್ತದೆ. ಅದೇ ಪ್ಯಾನೆಲ್‌ನ ಜಾತಕ. ಸಬ್ಸಿಡಿಯಲ್ಲಿ ಹಾಕಿಸಿದ್ದರೆ ಪ್ಯಾನೆಲ್ ಭಾರತದಲ್ಲೇ ತಯಾರಾಗಿರಬೇಕು ಎನ್ನುವ ಷರತ್ತಿದೆ, ಹಾಗಾಗಿ ತಯಾರಕರು ಯಾರು ಎಂದು ಪತ್ತೆ ಮಾಡುವುದು ಕಷ್ಟವಲ್ಲ. ಹಾಕಿಕೊಟ್ಟವರಿಗೆ ಹೇಳಿ ಸುಮ್ಮನಾಗಬೇಡಿ, ತಯಾರಕ ಕಂಪನಿಗೇ ಇ-ಮೇಲ್ ಬರೆಯಿರಿ. 2022ರ ನಿಯಮ ಕಟ್ಟಿಹಾಕಿರುವುದು ಅವರನ್ನು. ಉತ್ತರ ಬರದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ತುಮಕೂರು ಕಚೇರಿಯಲ್ಲಿ ಅಧಿಕೃತ ಇ-ತ್ಯಾಜ್ಯ ಮರುಬಳಕೆದಾರರ ಪಟ್ಟಿ ಕೇಳಬಹುದು. ಅಲ್ಲಿಯ ತನಕ ಚೌಕಟ್ಟು ಕೀಳದೆ, ಟಾರ್ಪಾಲ್ ಸುತ್ತಿ, ನೀರು ತಾಗದ ಜಾಗದಲ್ಲಿ ನಿಲ್ಲಿಸಿ ಇಡಿ. ಚೌಕಟ್ಟು ಕಿತ್ತರೆ ಅಂಚಿನಿಂದ ಗಾಜು ಉದುರಲು ಶುರುವಾಗುತ್ತದೆ, ಮಕ್ಕಳು ದನಕರು ಓಡಾಡುವ ಜಾಗದಲ್ಲಿ ಅದು ಬೇಡ.

ಹೊಸದಾಗಿ ಹಾಕಿಸುವವರು ಸಹಿ ಮಾಡುವ ಮೊದಲೇ "ಹಾಳಾದರೆ ನೀವೇ ವಾಪಸ್ ಒಯ್ಯುತ್ತೀರಾ" ಎಂದು ಕೇಳಿ, ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬರೆಸಿಕೊಳ್ಳಲು ಹತ್ತು ನಿಮಿಷ ಸಾಕು. ನಾವು ಅದನ್ನು ಮಾಡಿರಲಿಲ್ಲ.

ಚಿಕ್ಕಪ್ಪನ ಪರವಾಗಿ ನಾನು ಲೇಬಲ್ ಫೋಟೊ ಸಮೇತ ಕಂಪನಿಗೆ ಬರೆದೆ. ಎರಡು ಸಲ ನೆನಪಿಸಿದ ಮೇಲೆ ಉತ್ತರ ಬಂತು. ಬೆಂಗಳೂರಿನ ಗೋದಾಮಿಗೆ ತಲುಪಿಸಿದರೆ ತೆಗೆದುಕೊಳ್ಳುತ್ತಾರಂತೆ, ಸಾಗಿಸುವ ಖರ್ಚು ನಮ್ಮದು. 28 ಕೆಜಿಯ ಒಂದು ಹಲಗೆಗೆ ಪ್ರತ್ಯೇಕ ಗಾಡಿ ಮಾಡಿದರೆ ಬಾಡಿಗೆಯೇ ಹೊರೆ. ಮುಂದಿನ ಕೊಯ್ಲಿನ ತೆಂಗಿನಕಾಯಿ ಲೋಡ್ ಬೆಂಗಳೂರಿಗೆ ಹೋಗುವ ದಿನ ಅದರ ಜೊತೆಯಲ್ಲೇ ಕಳಿಸೋಣ ಅಂತ ಚಿಕ್ಕಪ್ಪ ಕಾಯುತ್ತಿದ್ದಾರೆ. ಪ್ಯಾನೆಲ್ ಕೊಟ್ಟಿಗೆಯಲ್ಲಿ, ಹಳೆ ಗೋಣಿಚೀಲದ ಮೇಲೆ ನೆಟ್ಟಗೆ ನಿಂತಿದೆ.